ಬಹಮನಿ ಬೀದರಿನಲ್ಲಿ ಮೆಣಸಿನಕಾಯಿ ಇರಲಿಲ್ಲ: ಐತಿಹಾಸಿಕ ಪತ್ತೇದಾರಿ ಕಾದಂಬರಿ ಬರೆಯಲು ಹೊರಟವರಿಗೆ

ನನ್ನ ಮೊದಲ ಕಾದಂಬರಿ ಬಂದು ಹದಿನೈದು ದಿನ ಆಗಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದಾಗ ಫೋನ್ ಬಂತು. ಆ ಕಡೆ ಆಳಂದದ ಒಬ್ಬ ನಿವೃತ್ತ ಮಾಸ್ತರು.

"ಸರ, ಕಾದಂಬರಿ ಛಲೋ ಅದ. ಒಂದೇ ರಾತ್ರಿಗಿ ಓದಿ ಮುಗಿಸೀನಿ. ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಬಾವರ್ಚಿ ಕೆಂಪು ಖಾರ ಎಲ್ಲಿಂದ ತಂದಾನ್ರಿ?"

ಕಥೆ ನಡೆಯುವುದು 1472ರ ಬೀದರಿನಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು ಇಳಿದದ್ದು 1498ರಲ್ಲಿ. ಮೆಣಸಿನಕಾಯಿ ಅಮೆರಿಕದ ಬೆಳೆ. ಪೋರ್ತುಗೀಜರ ಹಡಗು ಹತ್ತಿ ನಮ್ಮ ಕಡೆ ಬಂದದ್ದು ಅದಾದ ಮೇಲೆ. ಬರೀ ಅಡುಗೆಮನೆಯ ವರ್ಣನೆ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ನನ್ನ ಕಾದಂಬರಿಯಲ್ಲಿ ವಿಷ ಬೆರೆತಿದ್ದೇ ಆ ಕೆಂಪು ಚಟ್ನಿಯಲ್ಲಿ. ಖಾರದ ಘಾಟಿಗೆ ವಿಷದ ವಾಸನೆ ಗೊತ್ತಾಗಲಿಲ್ಲ ಅನ್ನುವುದೇ ಕೊಲೆಗಾರನ ಇಡೀ ಲೆಕ್ಕ. ಮಾಸ್ತರು ಮೆಣಸಿನಕಾಯಿ ಕಿತ್ತುಕೊಂಡ ಕೂಡಲೇ ನನ್ನ ಕೊಲೆಯೇ ಬಿದ್ದುಹೋಯಿತು.

ಬರೀ ಐತಿಹಾಸಿಕ ಕಾದಂಬರಿಯಲ್ಲಿ ಇಂಥ ತಪ್ಪು ಒಂದು ಕಪ್ಪು ಚುಕ್ಕೆ ಅಷ್ಟೇ. ಪತ್ತೇದಾರಿ ಕಥೆಯಲ್ಲಿ ಹಾಗಲ್ಲ. ಓದುವವರು ಪ್ರತಿ ಸಾಲನ್ನೂ ಸುಳಿವು ಇರಬಹುದು ಅಂತ ಅನುಮಾನದಿಂದ ನೋಡುತ್ತಿರುತ್ತಾರೆ. ಅಲ್ಲಿ ಒಂದು ಸುಳ್ಳು ವಸ್ತು ಸಿಕ್ಕರೆ ಆಟವೇ ಮುಗಿಯಿತು. ಈ ಎರಡೂ ಜಾತಿಯನ್ನು ಕೂಡಿಸಿ ಬರೆಯಬೇಕು ಅನ್ನುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಕೇಳುತ್ತಾರೆ, ಎಲ್ಲಿಂದ ಶುರು ಮಾಡೋದು ಅಂತ. ನಾನು ತಪ್ಪು ಮಾಡಿ ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ಹೆಜ್ಜೆ: ದಾಖಲೆಯಲ್ಲಿ ಕಂಡಿ ಹುಡುಕಿ

ಹೊಸಬರು ಸಾಮಾನ್ಯವಾಗಿ ರಾಜನಿಂದ ಶುರು ಮಾಡುತ್ತಾರೆ. ಯಾವ ಸುಲ್ತಾನ, ಯಾವ ಯುದ್ಧ, ಎಷ್ಟು ಆನೆ. ನೀವು ಹಾಗೆ ಮಾಡಬೇಡಿ. ದಾಖಲೆ ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ ನೋಡಿ. ಕಥೆ ಹುಟ್ಟುವುದು ಆ ಕಂಡಿಯಲ್ಲಿ.

ನಮ್ಮ ಭಾಗದ ಅತಿ ದೊಡ್ಡ ಉದಾಹರಣೆ ಮಹಮೂದ್ ಗವಾನ್. ಬೀದರಿನ ಮದರಸಾ ಕಟ್ಟಿಸಿದ ವಜೀರ. ಅವನ ಸಾವಿನ ಕಥೆಯನ್ನು ಇತಿಹಾಸಕಾರ ಫರಿಶ್ತಾ ಬರೆದಿಟ್ಟಿದ್ದಾನೆ. ಗವಾನನ ಮುದ್ರೆ ಕಾಯುವವನಿಗೆ ವೈರಿಗಳು ಕುಡಿಸುತ್ತಾರೆ. ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಳ್ಳುತ್ತಾರೆ. ಆಮೇಲೆ ಅದರ ಮೇಲೆ ಒಡಿಶಾದ ರಾಜನಿಗೆ, ನೀನು ದಂಡೆತ್ತಿ ಬಾ ಅಂತ ಪತ್ರ ಬರೆಯುತ್ತಾರೆ. ಕುಡಿದ ಅಮಲಿನಲ್ಲಿದ್ದ ಸುಲ್ತಾನ ಮೂರನೇ ಮುಹಮ್ಮದ್ ಶಾಹನಿಗೆ ತೋರಿಸುತ್ತಾರೆ. ಗವಾನ್ ಬಂದು, ಮುದ್ರೆ ನನ್ನದು ಹೌದು, ಬರಹ ನನ್ನದಲ್ಲ ಅನ್ನುತ್ತಾನೆ. ಸುಲ್ತಾನ ಕೇಳುವುದಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬೀಡಿನಲ್ಲಿ ತಲೆ ಹೋಗುತ್ತದೆ.

ಈಗ ಒಂದು ನೋಟ್‌ಬುಕ್ ತೆರೆಯಿರಿ. ಎಡ ಪುಟದಲ್ಲಿ ದಾಖಲೆ ಹೇಳುವುದನ್ನು ಬರೆಯಿರಿ: ಮುದ್ರೆ, ಕುಡಿತ, ಖಾಲಿ ಕಾಗದ, ಕೊಂಡಪಲ್ಲಿ. ಬಲ ಪುಟದಲ್ಲಿ ನಿಮ್ಮ ಪ್ರಶ್ನೆಗಳು. ಆ ಪತ್ರದ ಅಕ್ಷರ ಯಾರದು? ವಜೀರನ ಪತ್ರ ಅಂತ ನಂಬುವಂಥ ಒಳ್ಳೆಯ ಪಾರಸಿ ಬರೆಯಬಲ್ಲವರು ಎಷ್ಟು ಜನ ಇದ್ದರು? ಬರೆದವನಿಗೆ ಎಷ್ಟು ಸಿಕ್ಕಿತು? ಆ ರಾತ್ರಿ ಮದ್ಯ ತಂದುಕೊಟ್ಟವರು ಯಾರು? ಮರುದಿನ ಬೆಳಗ್ಗೆ ಆ ಮುದ್ರೆಯವನಿಗೆ ತಾನು ಏನು ಮಾಡಿದೆ ಅಂತ ಗೊತ್ತಾಯಿತಾ?

ಬಲ ಪುಟ ತುಂಬುತ್ತಾ ಹೋದರೆ ನಿಮಗೆ ಕಾದಂಬರಿ ಸಿಕ್ಕಿತು ಅಂತ ಅರ್ಥ. ಎಡ ಪುಟ ಮಾತ್ರ ತುಂಬಿದರೆ ಅದು ಪಾಠದ ಪುಸ್ತಕ.

ಎಡ ಪುಟಕ್ಕೆ ಕೈ ಹಚ್ಚಬೇಡಿ. ಗವಾನನನ್ನು ಬದುಕಿಸಿ ಇಸ್ಫಹಾನಿಗೆ ಕಳಿಸಿದರೆ ಯಾರೂ ಒಪ್ಪುವುದಿಲ್ಲ. ಅವನು ಸಾಯುತ್ತಾನೆ ಅಂತ ಬೀದರಿನ ಆಟೋದವರಿಗೂ ಗೊತ್ತು. ಹಾಗಾಗಿ ಅವನ ಸಾವನ್ನೇ ಒಗಟು ಮಾಡಬೇಡಿ. ಅದರ ಪಕ್ಕದಲ್ಲಿ ಒಂದು ಸಣ್ಣ, ಕಲ್ಪಿತ ಸಾವು ಇಡಿ. ಮದರಸಾದಲ್ಲಿ ಪುಸ್ತಕ ನಕಲು ಮಾಡುವ ಒಬ್ಬ ಬಡವ, ಪತ್ರ ಬಯಲಾಗುವ ಮೊದಲೇ ಸತ್ತು ಬಿದ್ದಿದ್ದಾನೆ. ಬೆರಳಿಗೆ ಮಸಿ ಇದೆ, ಸೊಂಟದಲ್ಲಿ ಅವನ ಯೋಗ್ಯತೆಗೆ ಮೀರಿದ ಹಣ ಇದೆ. ದೊಡ್ಡ ಇತಿಹಾಸಕ್ಕೆ ಅವನ ಹೆಸರು ಬೇಡ. ನಮಗೆ ಬೇಕು.

ಇಂಥ ಕಂಡಿಗಳಿಗೆ ನಮ್ಮಲ್ಲಿ ಬರ ಇಲ್ಲ. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಸೆರೆಯಾದ. ಮರಣದಂಡನೆ ಇಳಿಸಿ ಚೆಂಗಲ್ಪಟ್ಟಿನ ಕೋಟೆಗೆ ಕರೆದೊಯ್ಯುತ್ತಿದ್ದಾಗ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಸತ್ತ. ಅಪಘಾತವಾ, ಆತ್ಮಹತ್ಯೆಯಾ, ಬೇರೆ ಏನಾದರೂನಾ? ಇವತ್ತಿಗೂ ಗಟ್ಟಿಯಾಗಿ ಹೇಳುವಂತಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ಗೊತ್ತಾಯಿತು, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇದೆ ಅಂತ. ಶಾಸನದ ನಡುವೆಯೇ ಚೌಕ ಕೊರೆದು ಮೂರ್ತಿ ನಿಲ್ಲಿಸಿದ್ದರು. ಆ ಕಲ್ಲು ಕೊರೆದವನಿಗೆ ಅಕ್ಷರ ಕಾಣಲಿಲ್ಲವಾ? ಕಂಡೂ ಕೊರೆದನಾ? ನನಗೆ ಮೂರು ವರ್ಷದಿಂದ ಈ ಪ್ರಶ್ನೆ ತಲೆ ತಿನ್ನುತ್ತಿದೆ. ಯಾರಾದರೂ ಬರೆದರೆ ಬರೆಯಿರಿ, ನಾನು ಕೊಂಡು ಓದುತ್ತೇನೆ.

ನಿಜಾಮರ ಹೈದರಾಬಾದ್ ರಾಜ್ಯವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಸುತ್ತ ಬರೆಯುವವರಿಗೆ ಮಾತ್ರ ಒಂದು ಎಚ್ಚರ. ಆ ದಿನಗಳ ಗಾಯ ಹಿಂದೂ, ಮುಸ್ಲಿಂ ಎರಡೂ ಸಮುದಾಯದ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಅಲ್ಲಿ ಊರು, ಮನೆತನ ಎರಡನ್ನೂ ಕಲ್ಪಿತ ಮಾಡಿ. ಸುಮ್ನೆ ನಿಜ ಹೆಸರು ಹಾಕಿ ಯಾರದೋ ಅಜ್ಜನನ್ನು ಕೊಲೆಗಾರ ಮಾಡಬೇಡಿ.

ಎರಡನೆಯದು: ಜಾಗಕ್ಕೆ ಹೋಗಿ, ಕಾಲಿನಿಂದ ಅಳೆಯಿರಿ

ಗೂಗಲ್ ನಕ್ಷೆ ನೋಡಿ ಬರೆದ ಓಟ ಓದುವಾಗ ಗೊತ್ತಾಗಿಬಿಡುತ್ತದೆ. ಪಾತ್ರಕ್ಕೆ ಉಸಿರೇ ಹತ್ತುವುದಿಲ್ಲ.

ಬೀದರಿಗೆ ಹೋಗಿ ಊರ ನಡುವಿನ ಎತ್ತರದ ಗೋಪುರ ಚೌಬಾರಾದ ಬುಡದಲ್ಲಿ ನಿಂತುಕೊಳ್ಳಿ. ಅಲ್ಲಿಂದ ಮದರಸಾ ದಾಟಿ ಕೋಟೆಯ ಬಾಗಿಲಿನವರೆಗೆ ನಡೆಯಿರಿ. ಹೆಜ್ಜೆ ಎಣಿಸಿ. ಎಲ್ಲಿಂದ ಚೌಬಾರಾದ ತುದಿ ಕಾಣುತ್ತದೆ, ಎಲ್ಲಿ ಮರೆಯಾಗುತ್ತದೆ ಬರೆದುಕೊಳ್ಳಿ. ಮೇಲೆ ಕಾವಲುಗಾರ ಇದ್ದರೆ ಅವನಿಗೆ ನಿಮ್ಮ ಕೊಲೆಗಾರ ಎಲ್ಲೆಲ್ಲಿ ಕಾಣಬಹುದು? ಇದನ್ನು ಮನೆಯಲ್ಲಿ ಕೂತು ಕಂಡುಹಿಡಿಯಲಾಗದು.

ಆದರೆ ಈಗ ಕಾಣುವುದೆಲ್ಲ ಆಗ ಇರಲಿಲ್ಲ. ಆಗ ಇದ್ದದ್ದೆಲ್ಲ ಈಗಿಲ್ಲ. ಕೂಡಿಸಿ ಕಳೆಯುವ ಕೆಲಸ ನಿಮ್ಮದು. ಔರಂಗಜೇಬನ ಕಾಲದಲ್ಲಿ ಮದರಸಾದೊಳಗೆ ಮದ್ದುಗುಂಡು ತುಂಬಿಟ್ಟಿದ್ದರು. 1696ರಲ್ಲಿ ಸಿಡಿಲು ಬಡಿದು ಸ್ಫೋಟ ಆಯಿತು, ಕಟ್ಟಡದ ದೊಡ್ಡ ಭಾಗ ಹಾರಿಹೋಯಿತು. ಈಗ ಉಳಿದಿರುವುದು ಒಂದೇ ಮಿನಾರು. ನಿಮ್ಮ ಕಥೆ 1472ರದ್ದಾದರೆ ಎರಡನೇ ಮಿನಾರನ್ನು ನೀವೇ ಎಬ್ಬಿಸಿ ನಿಲ್ಲಿಸಬೇಕು. ನೀಲಿ ಹೆಂಚುಗಳನ್ನು ಮತ್ತೆ ಹಚ್ಚಬೇಕು. ಹಾಗೆಯೇ ಕೋಟೆಯೊಳಗಿನ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸ ನೋಡಿ ಮರುಳಾಗಿ ಗವಾನನನ್ನು ಅಲ್ಲಿ ಕೂಡಿಸಿಬಿಡಬೇಡಿ. ಆ ಅಲಂಕಾರ ಬಹಮನಿಗಳ ನಂತರ ಬೀದರ ಆಳಿದ ಬರೀದ್ ಶಾಹಿಗಳ ಕಾಲದ್ದು. ಅಷ್ಟೊತ್ತಿಗೆ ಗವಾನ್ ಸತ್ತು ಅರ್ಧ ಶತಮಾನಕ್ಕೂ ಜಾಸ್ತಿ ಆಗಿತ್ತು.

ಬೀದರಿನ ಕರೇಜ್ ಬಿಡಬೇಡಿ. ಪರ್ಶಿಯಾದ ರೀತಿಯಲ್ಲಿ ನೆಲದೊಳಗೆ ಕಲ್ಲು ಕೊರೆದು ಮಾಡಿದ ನೀರಿನ ಸುರಂಗ ಅದು. ನೌಬಾದಿನಲ್ಲಿ ನೋಡಬಹುದು. ಉದ್ದಕ್ಕೂ ಮೇಲಿನಿಂದ ಬಾವಿಯಂಥ ಕಂಡಿಗಳು. ಗಾಳಿ, ಬೆಳಕು ಇಳಿಯಲು, ಹೂಳು ತೆಗೆಯಲು. ನಾನು ಮೊದಲ ಸಲ ಒಂದು ಕಂಡಿಯ ಬಾಯಿಗೆ ಬಗ್ಗಿ ನೋಡಿದಾಗ ಮೈ ಝುಂ ಅಂದಿತ್ತು. ಒಂದು ಕಂಡಿಯಲ್ಲಿ ಬಿದ್ದ ಟೊಪ್ಪಿಗೆ ನೀರಿನ ಜೊತೆ ಹರಿದು ಮುಂದಿನ ಕಂಡಿಯ ಕೆಳಗೆ ಬಂದರೆ? ಸತ್ತವನು ಇಲ್ಲಿ, ಟೊಪ್ಪಿಗೆ ಅಲ್ಲಿ. ಎಲ್ಲರೂ ಅವನು ಅಲ್ಲಿಗೆ ಹೋಗಿದ್ದ ಅಂದುಕೊಳ್ಳುತ್ತಾರೆ. ನೀರು ಯಾವ ಕಡೆ ಹರಿಯುತ್ತದೆ ಅಂತ ಗೊತ್ತಿರುವವನು ಒಬ್ಬನೇ, ಹೂಳು ತೆಗೆಯುವ ಕೂಲಿಯವ. ನನ್ನ ಮೊದಲ ಕಾದಂಬರಿಯ ಪತ್ತೇದಾರ ಅವನೇ. ಮೆಣಸಿನಕಾಯಿ ಕೈಕೊಟ್ಟರೂ ಆ ಟೊಪ್ಪಿಗೆ ಕೈಬಿಡಲಿಲ್ಲ.

ಹೊತ್ತು ನೋಡಿ ಹೋಗಿ. ಬೀದರ ಹತ್ತಿರದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳ ಗುಮ್ಮಟಗಳನ್ನು ಸಂಜೆ ನೋಡುವುದೇ ಬೇರೆ, ಮೇ ತಿಂಗಳ ಮಟಮಟ ಮಧ್ಯಾಹ್ನ ನೋಡುವುದೇ ಬೇರೆ. ಅಲ್ಲಿ ಹುಮಾಯೂನ್ ಶಾಹನ ಗೋರಿಯ ಗುಮ್ಮಟ ಒಡೆದು ನಿಂತಿದೆ. ಸಿಡಿಲು ಬಡಿದದ್ದು ಅನ್ನುತ್ತಾರೆ. ಜನ ಆ ಸುಲ್ತಾನನಿಗೆ ಜಾಲಿಮ್, ಅಂದರೆ ಕ್ರೂರಿ, ಅಂತ ಹೆಸರಿಟ್ಟಿದ್ದರು. ಸಿಡಿಲಿಗೂ ಅವನ ಗುಣಕ್ಕೂ ಊರವರು ಗಂಟು ಹಾಕುವುದನ್ನು ಕೇಳಿಸಿಕೊಳ್ಳಿ. ಆ ಮಾತಿನ ಧಾಟಿ ಕಥೆಗೆ ಬೇಕಾಗುತ್ತದೆ.

ಮೂರನೆಯದು: ತಾರೀಖು, ಚಂದ್ರ, ರೊಕ್ಕ

ಈ ಭಾಗದಲ್ಲಿ ಬರೆಯುವವರಿಗೆ ಎರಡು ಲೆಕ್ಕ ಬರಲೇಬೇಕು. ಒಂದು ಹಿಜರಿ, ಇನ್ನೊಂದು ಫಸಲಿ.

ಹಿಜರಿ ಚಾಂದ್ರಮಾನ. ವರ್ಷಕ್ಕೆ ಸುಮಾರು 354 ದಿನ. ಕತ್ತಲೆಯ ಕಥೆ ಬರೆಯುವವರಿಗೆ ಇದೊಂದು ವರ. ಹಿಜರಿ ತಿಂಗಳು ಹೊಸ ಚಂದ್ರ ಕಂಡಾಗ ಶುರು ಆಗುತ್ತದೆ, ಹಾಗಾಗಿ ತಾರೀಖೇ ಚಂದ್ರನ ವಯಸ್ಸು ಹೇಳುತ್ತದೆ. ಗವಾನ್ ಸತ್ತದ್ದು ಹಿಜರಿ 886ರ ಸಫರ್ 5. ಅಂದರೆ ಐದು ದಿನದ ಎಳೆ ಚಂದ್ರ. ಸಂಜೆ ಪಡುವಣದಲ್ಲಿ ಕಾಣಿಸಿಕೊಂಡು ಮೊದಲ ಜಾವ ದಾಟುತ್ತಿದ್ದಂತೆ ಮುಳುಗುತ್ತದೆ. ಆಮೇಲೆ ಬೀಡಿನ ತುಂಬ ಕಗ್ಗತ್ತಲು. ಆ ರಾತ್ರಿ ಬೆಳದಿಂಗಳಲ್ಲಿ ಯಾರೋ ಯಾರದೋ ಮುಖ ಗುರುತಿಸಿದರು ಅಂತ ಬರೆದರೆ ನಿಮ್ಮ ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ ಅಂತಲೇ ಲೆಕ್ಕ. ಬೇಕಂತಲೇ ಹಾಗೆ ಬರೆದರೆ ಅದೇ ಒಳ್ಳೆಯ ಸುಳಿವೂ ಆಗುತ್ತದೆ, ಅಲ್ವಾ?

ಫಸಲಿ ಕಂದಾಯದ ವರ್ಷ. ನಿಜಾಮರ ಕಾಲದ ಕಾಗದಗಳಲ್ಲಿ ಇದೇ ಇರುತ್ತದೆ. 590 ಕೂಡಿಸಿದರೆ ಇಂಗ್ಲಿಷ್ ವರ್ಷದ ಹತ್ತಿರ ಬರುತ್ತೀರಿ. ಫಸಲಿ 1357 ಅಂದರೆ 1947–48. ನಮ್ಮಲ್ಲಿ ಎಷ್ಟೋ ಮನೆಗಳ ಟ್ರಂಕಿನಲ್ಲಿ ಅಜ್ಜನ ಕಾಲದ ಉರ್ದು ಕಾಗದ ಇರುತ್ತವೆ. ಓದಲು ಬಾರದೆ ಕಟ್ಟಿಟ್ಟಿರುತ್ತಾರೆ. ಉರ್ದು ಕೈಬರಹ ಓದಬಲ್ಲ ಹಿರಿಯರು ಈಗಲೂ ಸಿಗುತ್ತಾರೆ, ಒಂದು ಮಧ್ಯಾಹ್ನ ಚಹಾ ಕುಡಿಸಿ ಓದಿಸಿಕೊಳ್ಳಿ. ನನ್ನ ಎರಡನೇ ಕಾದಂಬರಿ ಹುಟ್ಟಿದ್ದೇ ಹಾಗೆ. ಒಂದು ಹೊಲದ ಕಾಗದದಲ್ಲಿ ಇಬ್ಬರು ಸಾಕ್ಷಿಗಳ ಹೆಸರಿತ್ತು. ಇನ್ನೊಂದು ಕಾಗದದ ಪ್ರಕಾರ ಅವರಲ್ಲಿ ಒಬ್ಬ ಅಷ್ಟರಲ್ಲಿ ತೀರಿಕೊಂಡಿದ್ದ.

ರೊಕ್ಕವೂ ಬೇರೆ. ನಿಜಾಮರ ರಾಜ್ಯದಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು, ಬ್ರಿಟಿಷ್ ರೂಪಾಯಿಗಿಂತ ಬೆಲೆ ಕಡಿಮೆ. ಗಡಿಯಾಚೆ ಸೊಲ್ಲಾಪುರದಿಂದ ಬಂದವನ ಕಿಸೆಯಲ್ಲಿ ಬೇರೆ ನಾಣ್ಯ. ಒಂದು ನಾಣ್ಯದಿಂದಲೇ ಒಬ್ಬ ಸುಳ್ಳುಗಾರ ಸಿಕ್ಕಿಬೀಳಬಹುದು.

ದೊಡ್ಡ ದಾಖಲೆ ಬೇಕಾದರೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಮೊಘಲ್, ಆಸಫ್ ಜಾಹಿ ಅಂದರೆ ನಿಜಾಮರ ಕಾಲದ ಕಾಗದ ಅಲ್ಲಿವೆ. ಮೊದಲೇ ಪತ್ರ ಬರೆದು, ಗುರುತಿನ ಚೀಟಿ ತೆಗೆದುಕೊಂಡು ಹೋಗಿ. ಬೀದರಿನ ಕಟ್ಟಡಗಳಿಗೆ ಗುಲಾಂ ಯಾಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಪುಸ್ತಕಕ್ಕಿಂತ ಒಳ್ಳೆಯ ಆಧಾರ ನನಗೆ ಸಿಕ್ಕಿಲ್ಲ. ಜಿಲ್ಲಾ ಗೆಜೆಟಿಯರ್, ಶಾಸನ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ.

ಯಾರು ಯಾವಾಗ ಬರೆದರು ಅಂತ ಮಾತ್ರ ಯಾವಾಗಲೂ ಕೇಳಿಕೊಳ್ಳಿ. ಫರಿಶ್ತಾ ಗವಾನನನ್ನು ನೋಡಿದವನಲ್ಲ. ಅವನು ಬರೆದದ್ದು ನೂರು ವರ್ಷ ಕಳೆದ ಮೇಲೆ, ಬಿಜಾಪುರದಲ್ಲಿ ಕೂತು. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಹಾಗಲ್ಲ. 1470ರ ಆಸುಪಾಸಿನಲ್ಲಿ ಖುದ್ದಾಗಿ ಬೀದರಿನಲ್ಲಿದ್ದ, ಕುದುರೆ ಮಾರಿದ. ಆಳಂದದ ಸಂತೆಯ ಬಗ್ಗೆಯೂ ಬರೆದಿದ್ದಾನೆ. ಅಲ್ಲಿ ರಾತ್ರಿ ಗುಕ್ ಗುಕ್ ಅಂತ ಕೂಗುವ ಒಂದು ಹಕ್ಕಿ ಇದೆಯಂತೆ. ಅದು ಯಾರ ಮನೆಯ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವು. ಕೊಲ್ಲಲು ಹೋದರೆ ಅದರ ಬಾಯಿಂದ ಬೆಂಕಿ ಬರುತ್ತದಂತೆ. ಬೆಂಕಿ ಸುಳ್ಳಿರಬಹುದು. ಆದರೆ ಗೂಗೆ ಕೂತರೆ ಕೆಡುಕು ಅನ್ನುವ ಮಾತು ನಮ್ಮ ಅಜ್ಜಿಯ ಬಾಯಲ್ಲೂ ಇತ್ತು. ಐನೂರು ವರ್ಷದ ಹಿಂದೆ ಆಳಂದದ ಯಾರೋ ಒಬ್ಬರು ಹೊರಗಿನವನನ್ನು ಕೂಡಿಸಿಕೊಂಡು ಈ ಕಥೆ ಹೇಳಿರಬೇಕು. ನನಗೆ ಆ ಹೇಳಿದವರ ಮುಖ ಕಾಣುತ್ತದೆ. ಕಾದಂಬರಿಕಾರರು ಬೆಂಕಿಯ ಬಗ್ಗೆ ವಾದ ಮಾಡಬಾರದು. ಆ ರಾತ್ರಿ ಯಾರ ಮಾಳಿಗೆಯ ಮೇಲೆ ಗೂಗೆ ಕೂತಿತ್ತು ಅಂತ ಕೇಳಬೇಕು.

ನಾಲ್ಕನೆಯದು: ಪತ್ತೆ ಮಾಡುವವರು ಯಾರು?

ಆಗ ಇನ್ಸ್‌ಪೆಕ್ಟರ್ ಇರಲಿಲ್ಲ. ಪ್ರಶ್ನೆ ಕೇಳುವ ಹಕ್ಕು ಯಾರಿಗಿತ್ತು ಅನ್ನುವುದು ಮೊದಲು ತೀರ್ಮಾನ ಆಗಬೇಕು. ಸುಲ್ತಾನರ ಪಟ್ಟಣದಲ್ಲಾದರೆ ಕೊತ್ವಾಲ, ಖಾಜಿ. ಹಳ್ಳಿಯಲ್ಲಾದರೆ ಗೌಡ, ಕುಲಕರ್ಣಿ, ತಳವಾರ. ನಿಜಾಮರ ಕಾಲದಲ್ಲಿ ಪೊಲೀಸ್ ಅಮೀನ, ಮೇಲೆ ತಾಲೂಕ್ದಾರ, ಕಲಬುರಗಿಯಲ್ಲಿ ಸುಭೇದಾರ. ಹಕ್ಕಿಲ್ಲದವರು ಪತ್ತೆ ಮಾಡಿದರೆ ಕಥೆ ಇನ್ನೂ ರುಚಿ. ಸೂಲಗಿತ್ತಿ ಯಾವ ಮನೆಗೆ ಬೇಕಾದರೂ ಒಳಗೆ ಹೋಗಬಲ್ಲಳು. ಅಗಸರಿಗೆ ಯಾರ ಬಟ್ಟೆಯ ಮೇಲೆ ಯಾವ ಕಲೆ ಅಂತ ಗೊತ್ತು.

ಉಪಕರಣಗಳ ಕಾಲವನ್ನೂ ನೋಡಿಕೊಳ್ಳಿ. ಬೆರಳಚ್ಚಿನ ಮೊದಲ ಕಚೇರಿ ಕಲ್ಕತ್ತಾದಲ್ಲಿ ಶುರು ಆದದ್ದು 1897ರಲ್ಲಿ. 1880ರ ಕಲಬುರಗಿಯ ಅಮೀನ ಬೆರಳಚ್ಚು ತೆಗೆಯಲಾರ. ಆದರೆ ಅವನ ಹತ್ತಿರ ರೈಲಿನ ವೇಳಾಪಟ್ಟಿ ಇತ್ತು. ಮುಂಬೈ ಕಡೆಯ ರೈಲು 1871ರಷ್ಟೊತ್ತಿಗೆ ರಾಯಚೂರು ಮುಟ್ಟಿತ್ತು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ದಾರಿ ಆಯಿತು. ವಾಡಿ ಜಂಕ್ಷನ್‌ನಲ್ಲಿ ರಾತ್ರಿ ರೈಲು ಬದಲಿಸಲು ಕಾಯುತ್ತ ಕೂತ ನಾಲ್ಕು ಜನ ಅಪರಿಚಿತರು. ಬೆಳಗಾಗುವಾಗ ಮೂರೇ ಜನ. ಇನ್ನೇನು ಬೇಕು?

ಐದನೆಯದು: ಸುಳಿವನ್ನು ವರ್ಣನೆಯೊಳಗೆ ಬಚ್ಚಿಡಿ

ಈ ಜಾತಿಯ ಕಾದಂಬರಿಗೆ ಸಿಕ್ಕ ದೊಡ್ಡ ಲಾಭ ಇದು. ಇವತ್ತಿನ ಕಥೆಯಲ್ಲಿ ಮೇಜಿನ ಮೇಲಿನ ಚಾಕುವನ್ನು ತೋರಿಸಿದರೆ ಓದುವವರು ತಕ್ಷಣ ಎಚ್ಚರ ಆಗುತ್ತಾರೆ. ಹಳೆಯ ಕಾಲದ ಕಥೆಯಲ್ಲಿ ಹಾಗಾಗುವುದಿಲ್ಲ. ವಸ್ತುಗಳ ವರ್ಣನೆಯನ್ನು ಎಲ್ಲರೂ ಅಲಂಕಾರ ಅಂದುಕೊಂಡು ಸವಿಯುತ್ತ ಮುಂದೆ ಹೋಗುತ್ತಾರೆ. ಅಲ್ಲೇ ಸುಳಿವು ಇಡಿ.

ನನ್ನ ಎರಡನೇ ಕಾದಂಬರಿಯಲ್ಲಿ ಒಂದು ಬಿದ್ರಿ ಡಬ್ಬಿ ಬರುತ್ತದೆ. ಬಿದ್ರಿ ಅಂದರೆ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಕೂಡಿಸುವ ಕೆಲಸ. ಕೊನೆಗೆ ಬೀದರ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ಕಲಸಿ ಕಾಯಿಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಬ್ಬ ಕೆಲಸಗಾರರ ಅಂಗಡಿಯಲ್ಲಿ ಕೂತು ಇದನ್ನು ನೋಡಿದ್ದೆ. ಕಾದಂಬರಿಯಲ್ಲಿ ಒಂದು ಪುಟ ತುಂಬ ವರ್ಣಿಸಿದೆ. ನೂರು ಪುಟ ಆದ ಮೇಲೆ ಡಬ್ಬಿಯ ಒಂದು ಮೂಲೆಯ ಹೂವು ಮಾತ್ರ ಕಪ್ಪಾಗಿದೆ ಅಂತ ಯಾರೋ ಅನ್ನುತ್ತಾರೆ. ಅಂದರೆ ಆ ಹೂವು ಬೆಳ್ಳಿ ಅಲ್ಲ. ಯಾರೋ ಕಿತ್ತು ಬೇರೆ ಲೋಹ ಕೂಡಿಸಿದ್ದಾರೆ. ಕಿತ್ತದ್ದು ಯಾಕೆ? ಅಲ್ಲಿಂದ ಗಂಟು ಬಿಚ್ಚುತ್ತದೆ. ಮೊದಲ ವರ್ಣನೆ ಓದಿದವರು ಯಾರೂ ಅದನ್ನು ಸುಳಿವು ಅಂದುಕೊಂಡಿರಲಿಲ್ಲ.

ಕೊನೆಯ ಅಧ್ಯಾಯವನ್ನು ಮೊದಲು ಬರೆಯಿರಿ. ಯಾರು, ಯಾಕೆ, ಹೇಗೆ. ಆಮೇಲೆ ಹಿಂದಕ್ಕೆ ನಡೆದು ಸುಳಿವು ಬಿತ್ತುತ್ತ ಬನ್ನಿ. ನಾನು ಮೊದಲ ಸಲ ಕೊಲೆಗಾರ ಯಾರು ಅಂತ ಬರೆಯುತ್ತ ಬರೆಯುತ್ತ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಇನ್ನೂರು ಪುಟ ಬರೆದೆ, ಗೊತ್ತಾಗಲಿಲ್ಲ. ಅವನ್ನು ಕಟ್ಟಿ ಅಟ್ಟದ ಮೇಲೆ ಹಾಕಿದೆ.

ಆರನೆಯದು: ಮಾತು

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಕಥೆ ಹೇಳುವ ಭಾಷೆ ಎಲ್ಲರಿಗೂ ತಿಳಿಯುವ ಕನ್ನಡ ಇರಲಿ. ಮಾತುಕತೆ ಮಾತ್ರ ನಮ್ಮ ಕಡೆಯ ವಾಸನೆ ಬಿಡಬಾರದು. ಕಲಬುರಗಿಯ ತಳವಾರ ಮೈಸೂರಿನ ಕನ್ನಡ ಆಡಿದರೆ ನಗು ಬರುತ್ತದೆ. ಹಾಗಂತ ಪ್ರತಿ ಸಾಲಿನಲ್ಲೂ ಜಹಾಂಪನಾ, ತಖಲಿಯಾ ಅಂತ ತುರುಕಬೇಡಿ, ಸಿನಿಮಾ ಆಗಿಬಿಡುತ್ತದೆ. ಈ ಊರುಗಳಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ಯಾವಾಗಲೂ ಒಂದೇ ಜಗುಲಿಯ ಮೇಲೆ ಕೂತಿವೆ. ಯಾರು ಯಾರ ಜೊತೆ ಯಾವ ಭಾಷೆ ಆಡುತ್ತಾರೆ, ಸಿಟ್ಟು ಬಂದಾಗ ಯಾವುದಕ್ಕೆ ಜಾರುತ್ತಾರೆ ಅನ್ನುವುದರಲ್ಲೇ ಪಾತ್ರ ಇರುತ್ತದೆ.

ಇವತ್ತಿನ ಮಾತು ನಮಗೆ ಗೊತ್ತಿಲ್ಲದೆ ನುಸುಳುತ್ತದೆ. ನನ್ನ ಮೊದಲ ಕರಡಿನ ಒಂದು ಸಾಲು ಹೀಗಿತ್ತು: "ಐದು ನಿಮಿಷದಲ್ಲಿ ಓಡಿ ಬಂದು ಕಿಟಕಿಯ ಗಾಜಿನಿಂದ ಇಣುಕಿದ." ನಿಮಿಷ ಎಣಿಸಲು ಅವನ ಕೈಯಲ್ಲಿ ಗಡಿಯಾರ ಇಲ್ಲ. ಅಂಥ ಬಡವರ ಕಿಟಕಿಗೆ ಗಾಜೂ ಇಲ್ಲ. ಅಚ್ಚಾದದ್ದು ಹೀಗೆ: "ಅವನು ಬರುವಷ್ಟರಲ್ಲಿ ಒಳಗಿನ ಹಣತೆ ಸಣ್ಣಗಾಗಿತ್ತು. ಕದದ ಬಿರುಕಿಗೆ ಕಣ್ಣು ಹಚ್ಚಿದ." ಹೊತ್ತು ಎಷ್ಟಾಯಿತು ಅಂತ ಎಣ್ಣೆಯೇ ಹೇಳಿತು.

ತಿನಿಸಿನ ಪಟ್ಟಿ ಗೋಡೆಗೆ ಅಂಟಿಸಿಕೊಳ್ಳಿ. ಪೋರ್ತುಗೀಜರಿಗಿಂತ ಮೊದಲು ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಶೇಂಗಾ, ಗೋವಿನಜೋಳ, ತಂಬಾಕು ಯಾವುದೂ ಇಲ್ಲ. ಜೋಳದ ರೊಟ್ಟಿ, ತೊಗರಿ ಬೇಳೆ, ಹುಣಸೆ, ಬೆಲ್ಲ, ಎಳ್ಳು ಇವೆ. ಖಾರಕ್ಕೆ ಕರಿಮೆಣಸು, ಶುಂಠಿ. ಎರಡನೇ ಮುದ್ರಣದಲ್ಲಿ ನನ್ನ ವಿಷ ಹುಣಸೆ ಹುಳಿಯೊಳಗೆ ಹೋಯಿತು. ನಿಜ ಹೇಳಬೇಕೆಂದರೆ ಮೊದಲಿಗಿಂತ ಚೆನ್ನಾಗಿ ಕೂತಿತು.

ಏಳನೆಯದು: ನೌಕರಿ ಬಿಡಬೇಡಿ

ಕನ್ನಡದಲ್ಲಿ ಕಾದಂಬರಿ ಬರೆದೇ ಮನೆ ನಡೆಸುವವರು ಬಹಳ ಕಡಿಮೆ. ನಾನು ಬೆಳಗ್ಗೆ ಐದರಿಂದ ಆರೂವರೆಗೆ ಬರೆಯುತ್ತೇನೆ, ಆಮೇಲೆ ಆಫೀಸು. ದಿನಕ್ಕೆ 300 ಪದ. ಇನ್ನೂರು ದಿನಕ್ಕೆ 60,000 ಪದ ಆಗುತ್ತದೆ, ಒಂದು ಕಾದಂಬರಿಗೆ ಸಾಕು. ಬೇಸಿಗೆಯಲ್ಲಿ ನಮ್ಮ ಊರಲ್ಲಿ ತಲೆ ಓಡುವುದಿಲ್ಲ, ಹಾಗಾಗಿ ಏಪ್ರಿಲ್, ಮೇ ಓದಿಗೆ ಬಿಟ್ಟಿದ್ದೇನೆ.

ಈ ವಿಷಯದಲ್ಲಿ ನಮಗೊಬ್ಬ ಹಿರಿಯ ಪೂರ್ವಿಕ ಇದ್ದಾನೆ, ಅದೂ ಯಾದಗಿರಿ ಜಿಲ್ಲೆಯಲ್ಲೇ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ಠಗ್ಗರ ಕೊಲೆಗಳ ಬಗ್ಗೆ ಅವನು ಬರೆದ ಕಾದಂಬರಿ 1839ರಲ್ಲಿ ಬಂತು, ಇನ್ನೊಂದು 1840ರಲ್ಲಿ. 1842ರಿಂದ 1853ರವರೆಗೆ ಸುರಪುರದಲ್ಲಿದ್ದ. ಮುಂದಿನ ಕಾದಂಬರಿ ಬಂದದ್ದು 1863ರಲ್ಲಿ, ಅದೂ ದಖನ್ನಿನ ಕಥೆ. ನಡುವೆ ಇಪ್ಪತ್ತಮೂರು ವರ್ಷ. ಆ ಹೊತ್ತಿನಲ್ಲಿ ಅವನು ಕಾಗದಪತ್ರ ನೋಡಿದ, ಕೆರೆ ಕಟ್ಟಿಸಿದ, ಜನರ ಮಾತು ಕೇಳಿದ. ಅವನ ಕಣ್ಣು ಆಳುವವರ ಕಣ್ಣು ಅನ್ನುವುದನ್ನು ಮರೆಯದೆ ಓದಬೇಕು, ವೆಂಕಟಪ್ಪ ನಾಯಕನ ವಿಷಯದಲ್ಲಂತೂ ಖಂಡಿತ. ಆದರೆ ಎರಡು ಪುಸ್ತಕದ ನಡುವೆ ಹತ್ತು ತಿಂಗಳು ಆದರೆ ಸಾಕು, ನನ್ನ ಕಥೆ ಮುಗಿಯಿತು ಅಂತ ಅಳುವ ಗೆಳೆಯರಿಗೆ ನಾನು ಸುರಪುರದ ಟೇಲರ್ ಮಂಜಿಲ್ ನೋಡಿ ಬರಲು ಹೇಳುತ್ತೇನೆ.

ಎಂಟನೆಯದು: ಪ್ರಕಾಶಕರು, ಕಾಗದ, ಸಹಿ

ನನ್ನ ಮೊದಲ ಹಸ್ತಪ್ರತಿಯನ್ನು ಒಬ್ಬ ಪ್ರಕಾಶಕರು ಎರಡು ವರ್ಷ ಇಟ್ಟುಕೊಂಡಿದ್ದರು. ಈ ಯುಗಾದಿಗೆ, ಆ ದಸರಾಕ್ಕೆ ಅನ್ನುತ್ತ. ಒಪ್ಪಂದ ಇರಲಿಲ್ಲ, ಬಾಯಿಮಾತು. ಕೊನೆಗೆ ವಾಪಸ್ ಬಂತು, ನಡುವಿನ ಹನ್ನೆರಡು ಹಾಳೆ ಇರಲಿಲ್ಲ. ತಪ್ಪು ಅರ್ಧ ನನ್ನದೂ ಹೌದು, ನಾನು ಕೇಳಲೇ ಇಲ್ಲ.

ಕೇಳಿ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇಲ್ಲದಿದ್ದರೆ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ. ಅವಧಿ ಬರೆದಿಲ್ಲ ಅಂದರೆ ಐದು ವರ್ಷ ಅಂತ ಲೆಕ್ಕ. ಹಾಗಾಗಿ ಎಷ್ಟು ಪ್ರತಿ, ಎಷ್ಟು ವರ್ಷ, ಗೌರವಧನ ಶೇಕಡಾ ಎಷ್ಟು, ಇ–ಪುಸ್ತಕ ಮತ್ತು ಆಡಿಯೋ ಯಾರದು, ಸಿನಿಮಾ ಹಕ್ಕು ಯಾರದು, ಇಷ್ಟನ್ನಾದರೂ ಬರೆಸಿಕೊಳ್ಳಿ. ಸಿನಿಮಾ ಹಕ್ಕನ್ನು ಸುಮ್ನೆ ಬಿಟ್ಟುಕೊಡಬೇಡಿ, ಪತ್ತೇದಾರಿ ಕಥೆಗೆ ಕೇಳಿಕೊಂಡು ಬರುವವರು ಇದ್ದಾರೆ. ನಿಮ್ಮ ಹಕ್ಕುಸ್ವಾಮ್ಯ ಬರೆದ ಕ್ಷಣದಿಂದಲೇ ನಿಮ್ಮದು, ನಿಮ್ಮ ನಂತರವೂ 60 ವರ್ಷ ಇರುತ್ತದೆ. ನೋಂದಣಿ ಕಡ್ಡಾಯ ಅಲ್ಲ.

ನೀವೇ ಅಚ್ಚು ಹಾಕಿಸುವುದಾದರೆ ಪುಸ್ತಕದ ಗುರುತಿನ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಅದಕ್ಕೆ ರೊಕ್ಕ ಕೇಳುವ ದಲ್ಲಾಳಿಗಳನ್ನು ನಂಬಬೇಡಿ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ, ಅರ್ಜಿ ಕರೆದಾಗ ಹಾಕಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಆಯ್ಕೆಗೂ ಪುಸ್ತಕ ಕಳಿಸಿ. ನುಡಿ ತಂತ್ರಾಂಶದಲ್ಲಿ ಬರೆದಿದ್ದರೆ ಯೂನಿಕೋಡ್‌ಗೆ ಬದಲಿಸಿದ ಮೇಲೆ ಒತ್ತಕ್ಷರ, ಮಹಾಪ್ರಾಣಗಳನ್ನು ಒಂದೊಂದಾಗಿ ನೋಡಿ. ನನ್ನ ಪುಸ್ತಕದಲ್ಲಿ ಒಬ್ಬ ಖಾಜಿ ನಲವತ್ತು ಪುಟದವರೆಗೆ ಕಾಜಿಯಾಗಿ ಉಳಿದಿದ್ದ.

ಅಚ್ಚಿಗೆ ಹೋಗುವ ಮೊದಲು ಮೂವರಿಗೆ ಓದಲು ಕೊಡಿ. ಪತ್ತೇದಾರಿ ಕಥೆ ಜಾಸ್ತಿ ಓದುವ ಒಬ್ಬರು, ಏನೂ ಓದದ ಒಬ್ಬರು, ಇತಿಹಾಸ ಗೊತ್ತಿರುವ ಒಬ್ಬರು. ಮೊದಲಿನವರಿಗೆ ನೂರನೇ ಪುಟದಲ್ಲಿ ನಿಲ್ಲಿಸಿ, ಕೊಲೆಗಾರ ಯಾರು ಅಂತ ಚೀಟಿಯಲ್ಲಿ ಬರೆದುಕೊಡಲು ಹೇಳಿ. ಸರಿಯಾಗಿ ಬರೆದರೆ ನಿಮ್ಮ ಕೆಲಸ ಇನ್ನೂ ಮುಗಿದಿಲ್ಲ.

ನನ್ನ ಮೂರನೆಯವರು ಆಳಂದದ ಆ ಮಾಸ್ತರೇ. ಮೆಣಸಿನಕಾಯಿಯ ಫೋನ್ ಆದ ಮುಂದಿನ ಭಾನುವಾರ ಬಸ್ ಹತ್ತಿ ಅವರ ಮನೆಗೆ ಹೋದೆ. ಆವತ್ತಿನಿಂದ ಅವರು ನೋಡದೆ ಒಂದು ಹಾಳೆಯೂ ಅಚ್ಚಿಗೆ ಹೋಗಿಲ್ಲ. ಈಗ ಮೂರನೇ ಕಾದಂಬರಿಯ ಹಸ್ತಪ್ರತಿ ಅವರ ಹತ್ತಿರ ಇದೆ. ಮತ್ತೆ ಬಹಮನಿ ಕಾಲದ್ದೇ, ಆಳಂದದ ಕುದುರೆ ಸಂತೆ, ಗೂಗೆ. ಮೊನ್ನೆ ರಾತ್ರಿ ಫೋನ್ ಬಂತು.

"ಸರ, ಗೂಗಿ ಭಾಳ ಛಲೋ ಬಂದದ. ಓದಿ ನಮ್ಮ ಮನ್ಯಾಕಿ ಮಾಳಗಿ ಮ್ಯಾಲ ಹೋಗಿ ನೋಡಿ ಬಂದಾಳ. ಆದ್ರ ಹನ್ನೆರಡನೇ ಪುಟ ತೆಗೀರಿ. ಸಂತ್ಯಾಗ ಆ ಹುಡುಗಿ ಪ್ಯಾರಲ ಹಣ್ಣು ಮಾರಾಕತ್ತಾಳಲ್ರಿ?"